ಹದಿನಾಲ್ಕು ದಿನಗಳ ಗಡುವು: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ನವಜಾತ ಶಿಶುಗಳ ಥೈರಾಯ್ಡ್ ತಪಾಸಣೆ ಮತ್ತು ಕೊರತೆಯಿರುವ ಮಗುವಿಗೆ ಹದಿನಾಲ್ಕು ದಿನಗಳೊಳಗೆ ಮೊದಲ ಮಾತ್ರೆ ಸಿಗಬೇಕಾದ ಬಗ್ಗೆ.

ಮಾನ್ಯರೇ,

ನಾನು ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದ ದಾದಿ. ಈಗ ನಮ್ಮನ್ನು ಶುಶ್ರೂಷಾಧಿಕಾರಿ ಎಂದು ಕರೆಯುತ್ತಾರೆ. ಹೆಸರು ಬದಲಾದರೂ ರಾತ್ರಿ ಪಾಳಿ ಬದಲಾಗಿಲ್ಲ. ತಮ್ಮ ಮುಂದೆ ನನ್ನದೊಂದೇ ಬೇಡಿಕೆ. ಕರ್ನಾಟಕದಲ್ಲಿ ಹುಟ್ಟುವ ಪ್ರತಿಯೊಂದು ಮಗುವಿಗೂ, ಅದು ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಹುಟ್ಟಲಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟಲಿ, ಥೈರಾಯ್ಡ್ ಪರೀಕ್ಷೆ ಆಗಬೇಕು. ಅದಕ್ಕಿಂತ ಮುಖ್ಯವಾಗಿ, ಕೊರತೆ ಕಂಡುಬಂದ ಮಗುವಿನ ಬಾಯಿಗೆ ಹುಟ್ಟಿದ ಹದಿನಾಲ್ಕು ದಿನಗಳೊಳಗೆ ಮೊದಲ ಮಾತ್ರೆ ಬೀಳಬೇಕು. ಪರೀಕ್ಷೆಯ ಮಾತು ಎಲ್ಲರೂ ಆಡುತ್ತಾರೆ. ಹದಿನಾಲ್ಕು ದಿನದ ಮಾತು ಆಡುವವರು ಕಡಿಮೆ. ಈ ಪತ್ರ ಬರೆದದ್ದೇ ಆ ಎರಡನೆಯ ಮಾತಿಗಾಗಿ.

ಥೈರಾಯ್ಡ್ ಎಂದ ಕೂಡಲೇ ಜನರಿಗೆ ನೆನಪಾಗುವುದು ತೂಕ ಹೆಚ್ಚಿದ ಮಧ್ಯವಯಸ್ಸಿನ ಹೆಂಗಸು, ಬೆಳಿಗ್ಗೆ ಎದ್ದು ಬರಿಹೊಟ್ಟೆಯಲ್ಲಿ ನುಂಗುವ ಮಾತ್ರೆ. ಹಸುಗೂಸಿಗೂ ಥೈರಾಯ್ಡ್ ಕೊರತೆ ಇರುತ್ತದೆ ಎಂದರೆ ಓದಿದವರೂ ಹುಬ್ಬೇರಿಸುತ್ತಾರೆ. ಥೈರಾಯ್ಡ್ ಎಂಬುದು ಕತ್ತಿನಲ್ಲಿರುವ ಒಂದು ಗ್ರಂಥಿ. ಕೆಲವು ಮಕ್ಕಳಲ್ಲಿ ಅದು ಬೆಳೆದೇ ಇರುವುದಿಲ್ಲ. ಕೆಲವರಲ್ಲಿ ಕತ್ತಿಗೆ ಇಳಿಯಬೇಕಾದದ್ದು ನಾಲಗೆಯ ಬುಡದಲ್ಲೇ ಉಳಿದುಬಿಟ್ಟಿರುತ್ತದೆ. ಇನ್ನು ಕೆಲವರಲ್ಲಿ ಗ್ರಂಥಿ ಇರಬೇಕಾದ ಜಾಗದಲ್ಲೇ ಇದ್ದರೂ ಹಾರ್ಮೋನು ತಯಾರಿಸಲು ಬೇಕಾದ ಒಂದು ಕಿಣ್ವ ಇರುವುದಿಲ್ಲ. ಇದು ತಂದೆ ತಾಯಿ ಇಬ್ಬರಿಂದಲೂ ಬರಬೇಕಾದ ದೋಷವಾದ್ದರಿಂದ ಹತ್ತಿರದ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಹೆಚ್ಚು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇರುವ ನಾಡಿನಲ್ಲಿ ಇದು ದೂರದ ಮಾತಲ್ಲ.

ದೊಡ್ಡವರಲ್ಲಿ ಥೈರಾಯ್ಡ್ ಕುಂದಿದರೆ ಆಯಾಸ, ಮೈಭಾರ, ಕೂದಲು ಉದುರುವುದು. ಮಾತ್ರೆ ನುಂಗಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಹಸುಗೂಸಿನ ವಿಷಯ ಹಾಗಲ್ಲ. ಹುಟ್ಟಿದ ಮೊದಲ ಎರಡು ಮೂರು ವರ್ಷ ಮೆದುಳು ಕಟ್ಟಿಕೊಳ್ಳುವ ಕಾಲ. ನರಕೋಶಗಳು ಕವಲೊಡೆಯುವುದು, ಒಂದರೊಡನೆ ಒಂದು ಬೆಸೆದುಕೊಳ್ಳುವುದು, ನರತಂತುಗಳ ಮೇಲೆ ಮಯಲಿನ್ ಪೊರೆ ಹೊದೆಯುವುದು, ಇವೆಲ್ಲಕ್ಕೂ ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ಅದು ಸಿಗದೆ ಕಳೆದ ತಿಂಗಳುಗಳನ್ನು ಆಮೇಲೆ ಎಷ್ಟು ಮಾತ್ರೆ ಕೊಟ್ಟರೂ ಮರಳಿ ಪಡೆಯಲಾಗುವುದಿಲ್ಲ. ತಪಾಸಣೆ ಎಂಬುದು ಇನ್ನೂ ಆರಂಭವಾಗಿರದ 1972ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೂರು ತಿಂಗಳೊಳಗೆ ಚಿಕಿತ್ಸೆ ಸಿಕ್ಕ ಮಕ್ಕಳ ಬುದ್ಧಿಸೂಚ್ಯಂಕದ (ಐಕ್ಯೂ) ಸರಾಸರಿ 89 ಇತ್ತು. ಆರು ತಿಂಗಳ ನಂತರ ಚಿಕಿತ್ಸೆ ಸಿಕ್ಕವರದು 54. ಕಾಯಿಲೆ ಒಂದೇ, ಔಷಧ ಒಂದೇ, ವ್ಯತ್ಯಾಸ ತಿಂಗಳುಗಳದ್ದು. ಈಗ ಎರಡು ವಾರದೊಳಗೆ ಸರಿಯಾದ ಪ್ರಮಾಣದಲ್ಲಿ ಔಷಧ ಶುರು ಮಾಡಿದ ಬಹುಪಾಲು ಮಕ್ಕಳು ಓರಗೆಯ ಮಕ್ಕಳ ಜೊತೆ ಅದೇ ಬೆಂಚಿನಲ್ಲಿ ಕೂತು ಓದುತ್ತಾರೆ. ಬುದ್ಧಿಮಾಂದ್ಯಕ್ಕೆ ಇರುವ ಕಾರಣಗಳಲ್ಲಿ ಇಷ್ಟು ಸುಲಭವಾಗಿ ತಡೆಯಬಹುದಾದ ಇನ್ನೊಂದನ್ನು ಹುಡುಕುವುದು ಕಷ್ಟ.

ಹಾಗಿದ್ದರೆ ವೈದ್ಯರು ಮಗುವನ್ನು ನೋಡಿಯೇ ಹೇಳಬಾರದೇ ಎಂದು ತಾವು ಕೇಳಬಹುದು. ಆಗುವುದಿಲ್ಲ. ತಾಯಿಯ ರಕ್ತದ ಹಾರ್ಮೋನು ಅಷ್ಟಿಷ್ಟು ಮಾಸನ್ನು ದಾಟಿ ಬಂದಿರುತ್ತದೆ. ಅದು ಮುಗಿಯುವ ತನಕ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ನೋಡಲು ಚೆನ್ನಾಗಿಯೇ ಇರುತ್ತಾರೆ. ಹುಟ್ಟಿದಾಗ ತೂಕ ಸರಿ, ಅಳು ಸರಿ, ಮೈಬಣ್ಣ ಸರಿ. ಲಕ್ಷಣಗಳು ಕಾಣಿಸಿಕೊಳ್ಳುವುದು ಮನೆಗೆ ಹೋದ ಮೇಲೆ. ಕಾಣಿಸಿದರೂ ಅವು ಯಾವುವು ನೋಡಿ. ಕಾಮಾಲೆ ಬೇಗ ಇಳಿಯುವುದಿಲ್ಲ; ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎನ್ನುತ್ತಾರೆ. ಮಲ ಮೂರು ನಾಲ್ಕು ದಿನಕ್ಕೊಮ್ಮೆ. ಬಾಣಂತಿಯ ಪಥ್ಯ ಹೆಚ್ಚುಕಡಿಮೆಯಾಗಿದೆ ಎನ್ನುತ್ತಾರೆ. ಹೊಕ್ಕುಳು ಉಬ್ಬಿದರೆ ಮೇಲೊಂದು ನಾಣ್ಯವಿಟ್ಟು ಬಟ್ಟೆ ಸುತ್ತುತ್ತಾರೆ. ಇನ್ನು ಮಗು ಹಾಲಿಗೂ ಅಳದೆ ದಿನವಿಡೀ ಮಲಗಿದ್ದರೆ ಅದನ್ನು ಯಾರಾದರೂ ಕಾಯಿಲೆ ಎನ್ನುತ್ತಾರೆಯೇ? "ಎಷ್ಟು ಸಾಧು ಕೂಸು, ತಾಯಿಗೆ ನಿದ್ದೆ ಕೆಡಿಸುವುದಿಲ್ಲ" ಎಂದು ನಾಲ್ಕು ಮನೆಯಲ್ಲಿ ಹೊಗಳುತ್ತಾರೆ. ಬಾಣಂತನದ ಮನೆಗಳಲ್ಲಿ ಈ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಮಗುವಿನ ನಾಲಗೆ, ಹೊಕ್ಕುಳು ನೋಡಬೇಕೆನಿಸುತ್ತದೆ. ಸುಮಾರು ಸಲ ನೋಡಿ, ನೆಂಟರ ಮುನಿಸಿಗೂ ಗುರಿಯಾಗಿದ್ದೇನೆ.

ಇದು ಅಪರೂಪದ ಕಾಯಿಲೆ, ಇದಕ್ಕೆ ಖರ್ಚು ಏಕೆ ಎಂಬ ಟಿಪ್ಪಣಿ ತಮ್ಮ ಕಡತದಲ್ಲಿ ಯಾರಾದರೂ ಬರೆದಿದ್ದರೆ ಅವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವನ್ನು ತೋರಿಸಬೇಕು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್ ಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ನವಜಾತ ಶಿಶುಗಳ ರಕ್ತ ಪರೀಕ್ಷಿಸಿದಾಗ ಪ್ರತಿ 1,130 ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇತ್ತು. ದಕ್ಷಿಣದ ಮಕ್ಕಳನ್ನಷ್ಟೇ ತೆಗೆದುಕೊಂಡರೆ 727ಕ್ಕೆ ಒಂದು. ಪಶ್ಚಿಮದ ದೇಶಗಳ ಹಳೆಯ ಪಠ್ಯಪುಸ್ತಕಗಳಲ್ಲಿ ಮೂರು ನಾಲ್ಕು ಸಾವಿರಕ್ಕೆ ಒಂದು ಎಂದಿರುತ್ತದೆ. ನಾವು ನರ್ಸಿಂಗ್ ಶಾಲೆಯಲ್ಲಿ ಓದಿದ್ದೂ ಅದನ್ನೇ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಮಕ್ಕಳು ಹುಟ್ಟುತ್ತಾರೆ. ಮೊದಲ ಲೆಕ್ಕ ಹಿಡಿದರೆ ಅವರಲ್ಲಿ ಎಂಟುನೂರ ಎಂಬತ್ತಕ್ಕೂ ಹೆಚ್ಚು ಮಕ್ಕಳು, ಎರಡನೆಯದನ್ನು ಹಿಡಿದರೆ ಸಾವಿರದ ಮುನ್ನೂರಕ್ಕೂ ಹೆಚ್ಚು. ಕೆಲವರದು ತಾತ್ಕಾಲಿಕ ಕೊರತೆಯಾಗಿರಬಹುದು, ಮೂರು ವರ್ಷ ತುಂಬಿದ ಮೇಲೆ ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡಬಹುದು. ಹಾಗೆಂದು ಮೊದಲ ಮೂರು ವರ್ಷ ಅವರನ್ನು ಹಾಗೇ ಬಿಡಲಾಗದು.

ಒಂದೇ ಮನೆಯ ಇಬ್ಬರು ಅಕ್ಕತಂಗಿಯರ ಉದಾಹರಣೆ ಕೊಡುತ್ತೇನೆ. ಊರು ಹೇಳುವುದಿಲ್ಲ. ದೊಡ್ಡವಳು ಹುಟ್ಟಿದಾಗ ಯಾವ ಪರೀಕ್ಷೆಯೂ ಆಗಿರಲಿಲ್ಲ. ತಲೆ ನಿಲ್ಲುವುದು ತಡ, ಕೂರುವುದು ತಡ, ಮಾತು ತಡ. ದೃಷ್ಟಿ ತೆಗೆದರು, ಹರಕೆ ಹೊತ್ತರು. ಗ್ರಹಣದ ದಿನ ಬಸುರಿ ಅಂಗಳಕ್ಕೆ ಇಳಿದಿದ್ದಳು ಎಂದು ಅತ್ತೆ ಸೊಸೆಯನ್ನು ದೂರಿದರು. ನಾಲ್ಕನೇ ವರ್ಷದಲ್ಲಿ ಯಾರೋ ಮಕ್ಕಳ ವೈದ್ಯರು ರಕ್ತ ಪರೀಕ್ಷೆ ಬರೆದುಕೊಟ್ಟ ಮೇಲೆ ಕಾರಣ ಗೊತ್ತಾಯಿತು. ಮಾತ್ರೆ ಶುರುವಾದ ಮೇಲೆ ಹುಡುಗಿ ಎತ್ತರ ಬೆಳೆದಳು, ಚುರುಕಾದಳು, ನಗುತ್ತಾಳೆ, ತಾನೇ ಜಡೆ ಹಾಕಿಕೊಳ್ಳುತ್ತಾಳೆ. ಆದರೆ ಮೂರು ಪದಕ್ಕಿಂತ ಉದ್ದದ ವಾಕ್ಯ ಅವಳಿಗೆ ಸಾಧ್ಯವಾಗಲಿಲ್ಲ. ತಂಗಿ ಹುಟ್ಟುವ ಹೊತ್ತಿಗೆ ಮನೆಯವರಿಗೆ ವಿಷಯ ಗೊತ್ತಿತ್ತು. ಮೊದಲ ವಾರದಲ್ಲೇ ಪರೀಕ್ಷೆ ಮಾಡಿಸಿದರು, ಅವಳಿಗೂ ಅದೇ ಕೊರತೆ. ಅವಳು ಈಗ ಮಗ್ಗಿ ಹೇಳುತ್ತಾ ಅಕ್ಕನ ಕೈ ಹಿಡಿದು ಅಂಗಡಿಗೆ ಕರೆದೊಯ್ಯುತ್ತಾಳೆ. ಅಕ್ಕನ ಬಾಳು ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮುದ್ದು ಅವಳಿಗೇ. ನಾನು ಹೇಳುತ್ತಿರುವುದು, ತಂಗಿಗೆ ಪರೀಕ್ಷೆ ಸಿಕ್ಕಿದ್ದು ಅಕ್ಕನ ಕಾರಣಕ್ಕೆ, ಸರ್ಕಾರದ ಕಾರಣಕ್ಕಲ್ಲ ಎಂದು.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಒಣಗಿದ ರಕ್ತದ ಚುಕ್ಕೆಯಿಂದ ನವಜಾತ ಶಿಶುಗಳ ಥೈರಾಯ್ಡ್ ಕೊರತೆ ಪತ್ತೆ ಮಾಡತೊಡಗಿದ್ದು 1970ರ ದಶಕದ ಮೊದಲರ್ಧದಲ್ಲಿ. ಮುಂದಿನ ದಶಕದಲ್ಲೇ ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಮಕ್ಕಳ ವೈದ್ಯೆ ಎ. ರಾಧಾ ರಮಾದೇವಿ ಮುಂತಾದವರು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೊ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿದ್ದರು. ಭಾರತದಲ್ಲಿ ಆ ಗಾತ್ರದ ಮೊದಲ ಪ್ರಯತ್ನಗಳಲ್ಲಿ ಅದೊಂದು. ದಾರಿ ಹಾಕಿದ ಊರಿನವರು ನಾವು, ನಡೆದವರು ಬೇರೆಯವರು. ಕೇರಳ 2010ರ ದಶಕದ ಆರಂಭದಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟುವ ಮಕ್ಕಳಿಗೆ ಥೈರಾಯ್ಡ್ ಸೇರಿದಂತೆ ನಾಲ್ಕು ಕಾಯಿಲೆಗಳ ತಪಾಸಣೆ ಶುರು ಮಾಡಿತು.

ಉಪ್ಪಿನ ಕಥೆಯೂ ತಮಗೆ ಗೊತ್ತಿರಬೇಕು. ಥೈರಾಯ್ಡ್ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು; ಅದು ಸಾಲದಿದ್ದರೆ ಗ್ರಂಥಿ ಊದಿ ಕತ್ತಿನಲ್ಲಿ ಗಳಗಂಡವಾಗುತ್ತದೆ. ಹಿಮಾಲಯದ ಅಡಿಯ ಕಾಂಗ್ಡಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಪ್ರಯೋಗದಿಂದ ಅಯೋಡಿನ್ ಬೆರೆಸಿದ ಉಪ್ಪು ಗಳಗಂಡವನ್ನು ಇಳಿಸುತ್ತದೆ ಎಂಬುದು ಸಾಬೀತಾಯಿತು. ಆದರೂ ಗಳಗಂಡವನ್ನು ಕತ್ತಿನ ಅಂದಗೇಡು ಎಂದೇ ಬಹುಕಾಲ ಕಂಡರು. ಮುಂದೆ ಎನ್. ಕೊಚ್ಚುಪಿಳ್ಳೈ ಮುಂತಾದವರು ಉತ್ತರ ಪ್ರದೇಶದ ಗೊಂಡಾದಂಥ ಜಿಲ್ಲೆಗಳಲ್ಲಿ ಹೊಕ್ಕುಳಬಳ್ಳಿಯ ರಕ್ತ ತೆಗೆದು, ಅಯೋಡಿನ್ ಕಡಿಮೆಯಿರುವ ಕಡೆ ಹುಟ್ಟುವ ಮಕ್ಕಳಲ್ಲೇ ಥೈರಾಯ್ಡ್ ಕೊರತೆ ಎಷ್ಟು ವ್ಯಾಪಕವಾಗಿದೆ ಎಂದು ತೋರಿಸಿದರು. ಇದು ಕತ್ತಿನ ಪ್ರಶ್ನೆಯಲ್ಲ, ಮೆದುಳಿನ ಪ್ರಶ್ನೆ ಎಂಬುದು ಆಗ ಆಳುವವರ ತಲೆಗೆ ಹೋಯಿತು. ದೇಶದ ಉಪ್ಪೆಲ್ಲ ಅಯೋಡಿನ್ ಉಪ್ಪಾಗಬೇಕು ಎಂಬ ತೀರ್ಮಾನಕ್ಕೆ ಬಲ ಬಂದದ್ದು ಹೀಗೆ. ಆದರೆ ಗ್ರಂಥಿಯೇ ಇಲ್ಲದೆ ಹುಟ್ಟಿದ ಮಗುವಿಗೆ ತಾಯಿ ಎಷ್ಟು ಒಳ್ಳೆಯ ಉಪ್ಪು ತಿಂದಿದ್ದರೂ ಪ್ರಯೋಜನವಿಲ್ಲ. ಉಪ್ಪಿನಿಂದ ಆಗಬೇಕಾದದ್ದು ಬಹುಪಾಲು ಆಗಿದೆ. ಉಳಿದದ್ದು ಪರೀಕ್ಷೆಯಿಂದಲೇ ಆಗಬೇಕು.

ಕಾನೂನಿನ ಬಲವೂ ತಮಗಿದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂವತ್ತು ಕಾಯಿಲೆಗಳ ಪಟ್ಟಿಯಲ್ಲಿ ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆ ಇದೆ, ಆದರೆ ಕೊನೆಯ ಮೂರರಲ್ಲಿ, ರಾಜ್ಯಗಳ ಇಚ್ಛೆಗೆ ಬಿಟ್ಟದ್ದು ಎಂಬ ಷರಾದೊಂದಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಂ ಅಂಗವೈಕಲ್ಯ ಬಾರದಂತೆ ತಡೆಯುವ ಕ್ರಮಗಳನ್ನು ಸರ್ಕಾರದ ಹೊಣೆಯೆಂದು ಹೇಳುತ್ತದೆ. ಇಚ್ಛೆಗೆ ಬಿಟ್ಟದ್ದನ್ನು ಹೊಣೆಯಾಗಿ ಮಾಡಿಕೊಳ್ಳಲು ತಮ್ಮ ಒಂದು ಆದೇಶ ಸಾಕು.

ಆದೇಶ ಬಂದ ಮೇಲೆ ವಾರ್ಡಿನಲ್ಲಿ ಏನಾಗುತ್ತದೆ ಎಂಬುದನ್ನು ಹೇಳಬಲ್ಲವರು ನಮ್ಮಂಥವರು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರಕ್ತ ತೆಗೆಯಲು ಎರಡು ದಾರಿ. ಒಂದು, ಹುಟ್ಟಿದ ಎರಡು ಮೂರು ದಿನಗಳ ನಂತರ ಮಗುವಿನ ಹಿಮ್ಮಡಿ ಚುಚ್ಚಿ ಫಿಲ್ಟರ್ ಕಾಗದದ ಮೇಲೆ ರಕ್ತದ ಚುಕ್ಕೆ ಇಳಿಸುವುದು. ಇನ್ನೊಂದು, ಹೆರಿಗೆಯಾದ ಕೂಡಲೇ ಕತ್ತರಿಸಿದ ಹೊಕ್ಕುಳಬಳ್ಳಿಯಿಂದ ರಕ್ತ ತೆಗೆಯುವುದು. ಎರಡರಲ್ಲೂ ನೋಡುವುದು ಟಿಎಸ್‌ಎಚ್ ಎಂಬ ಹಾರ್ಮೋನನ್ನು. ಇದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ. ಥೈರಾಯ್ಡ್ ಸುಮ್ಮನಿದ್ದಷ್ಟೂ ಆಜ್ಞೆ ಏರುತ್ತಲೇ ಹೋಗುತ್ತದೆ, ಉತ್ತರ ಕೊಡದ ಕಚೇರಿಗೆ ಮೇಲಿಂದ ಮೇಲೆ ಜ್ಞಾಪನಪತ್ರ ಹೋಗುವ ಹಾಗೆ. ಪಿಟ್ಯುಟರಿಯೇ ಕೆಟ್ಟಿರುವ ಕೆಲವೇ ಮಕ್ಕಳು ಈ ಪರೀಕ್ಷೆಯ ಕಣ್ಣು ತಪ್ಪಿಸುತ್ತಾರೆ, ಅದು ಬೇರೆ ಮಾತು.

ತಜ್ಞರು ಹಿಮ್ಮಡಿ ರಕ್ತವನ್ನೇ ಇಷ್ಟಪಡುತ್ತಾರೆ. ಕಾರಣವಿದೆ. ಆ ಒಂದೇ ಕಾಗದದಿಂದ ಬೇರೆ ಕಾಯಿಲೆಗಳನ್ನೂ ನೋಡಬಹುದು. ಮುಖ್ಯವಾಗಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹುಟ್ಟಿನಿಂದ ಬರುವ ದೋಷ. ಮೇಲೆ ಹೇಳಿದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲೇ 5,762 ಮಕ್ಕಳಲ್ಲಿ ಒಂದಕ್ಕೆ ಅದು ಕಂಡಿತ್ತು. ಅದರ ತೀವ್ರ ರೂಪದಲ್ಲಿ ಮೈಯ ಉಪ್ಪಿನಂಶ ಸೋರಿಹೋಗಿ ಎರಡು ಮೂರನೆಯ ವಾರದಲ್ಲಿ ಗಂಡುಕೂಸು ವಾಂತಿ ಮಾಡಿಕೊಂಡು, ಸೊರಗಿ, ಸತ್ತೇ ಹೋಗಬಹುದು. ಮನೆಯವರು ವಾಂತಿಭೇದಿ ಎಂದುಕೊಂಡಿರುತ್ತಾರೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದನ್ನು ಪತ್ತೆ ಮಾಡಲಾಗುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೊಕ್ಕುಳಬಳ್ಳಿಯಿಂದಲೇ ಆರಂಭಿಸಿ ಎಂದು ನಾನು ಹೇಳುತ್ತೇನೆ.

ಸಹಜ ಹೆರಿಗೆಯಾದ ತಾಯಿಯನ್ನು 48 ಗಂಟೆ ಇರಿಸಿಕೊಳ್ಳಬೇಕು ಎಂಬುದು ನಿಯಮ. ನಿಜದಲ್ಲಿ ಅವಳ ಮನೆಯವರು ಮರುದಿನ ಬೆಳಿಗ್ಗೆಯೇ ಆಟೊ ತಂದು ನಿಲ್ಲಿಸಿರುತ್ತಾರೆ. ಹೊಲದ ಕೆಲಸ, ಮನೆಯಲ್ಲಿ ಬಿಟ್ಟುಬಂದ ದೊಡ್ಡ ಮಗು, ಮಂಚಕ್ಕಾಗಿ ಕಾದಿರುವ ಇನ್ನೊಬ್ಬ ಬಸುರಿ, ಎಲ್ಲವೂ ಸೇರಿ ಅವಳನ್ನು ಹೊರಡಿಸುತ್ತವೆ. ಹುಟ್ಟಿದ ಮೊದಲ ದಿನ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಜಿಗಿಯುತ್ತದೆ. ಆಗ ಹಿಮ್ಮಡಿ ಚುಚ್ಚಿದರೆ ಆರೋಗ್ಯವಂತ ಮಕ್ಕಳೂ ರೋಗಿಗಳಾಗಿ ಕಾಣುತ್ತಾರೆ. ಎರಡನೆಯದಾಗಿ, ಫಿಲ್ಟರ್ ಕಾಗದದ ಕೆಲಸಕ್ಕೆ ಕೈ ಪಳಗಬೇಕು. ಹಿಮ್ಮಡಿಯನ್ನು ಹಿಂಡಬಾರದು, ಚುಕ್ಕೆಯ ಮೇಲೆ ಚುಕ್ಕೆ ಬೀಳಬಾರದು, ಬಿಸಿಲಿಗೆ ಒಡ್ಡಬಾರದು, ನೆರಳಿನಲ್ಲಿ ಮೂರು ನಾಲ್ಕು ಗಂಟೆ ಚಪ್ಪಟೆಯಾಗಿ ಒಣಗಬೇಕು. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗದ ಕಡೆ ಈ ನಿಯಮವನ್ನು ಬರೆದವರನ್ನು ನಾನು ಒಮ್ಮೆ ಭೇಟಿಯಾಗಬೇಕು. ಹೊಕ್ಕುಳಬಳ್ಳಿಯ ರಕ್ತಕ್ಕೆ ಈ ಯಾವ ತಾಪತ್ರಯವೂ ಇಲ್ಲ. ಅದನ್ನು ತೆಗೆಯುವುದು ಟಿಎಸ್‌ಎಚ್ ಜಿಗಿಯುವುದಕ್ಕೆ ಮೊದಲೇ. ಮಗುವಿಗೆ ಸೂಜಿ ಇಲ್ಲ, ಅಳು ಇಲ್ಲ, ತಾಯಿ ಅಲ್ಲೇ ಇದ್ದಾಳೆ, ನಾವು ಹೇಗೂ ಬಳ್ಳಿ ಕತ್ತರಿಸುತ್ತಿದ್ದೇವೆ. ಬಕೆಟ್ಟಿಗೆ ಹೋಗುವ ರಕ್ತದಲ್ಲಿ ಎರಡು ಮಿಲಿಲೀಟರ್ ಟ್ಯೂಬಿಗೆ ಹೋಗುತ್ತದೆ, ಅಷ್ಟೇ. ಅದರ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಅನ್ನು ದೊಡ್ಡವರ ಟಿಎಸ್‌ಎಚ್ ನೋಡುವ ಯಂತ್ರದಲ್ಲೇ ನೋಡಬಹುದು. ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಆ ಯಂತ್ರ ಹೊಸದೇನಲ್ಲ. ತಾಯಂದಿರು ಮೂರು ದಿನ ಉಳಿಯುವ ದೊಡ್ಡ ಆಸ್ಪತ್ರೆಗಳಲ್ಲಿ, ಸಿಸೇರಿಯನ್ ಆದವರಲ್ಲಿ, ಹಿಮ್ಮಡಿ ಕಾಗದ ಮಾಡಿ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಲ್ಲಿ ಟಿಎಸ್‌ಎಚ್ ತಡವಾಗಿ ಏರುವುದರಿಂದ ಅವರಿಗೆ ಎರಡರಿಂದ ನಾಲ್ಕು ವಾರದೊಳಗೆ ಇನ್ನೊಮ್ಮೆ ನೋಡಲೇಬೇಕು. ಇಡೀ ರಾಜ್ಯಕ್ಕೆ ಒಂದೇ ಅಳತೆಯ ಸುತ್ತೋಲೆ ಹೊರಡಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಇನ್ನೊಂದು ಕೋರಿಕೆಯನ್ನು ಹೆರಿಗೆ ವಾರ್ಡಿನ ಹುಡುಗಿಯರ ಪರವಾಗಿ ಮಾಡುತ್ತೇನೆ. ಇದಕ್ಕಾಗಿ ಇನ್ನೊಂದು ರಿಜಿಸ್ಟರ್ ಕೊಡಬೇಡಿ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುವ ಹುಡುಗಿ ಮಗುವನ್ನು ಒರೆಸುವುದಕ್ಕಿಂತ ಹೆಚ್ಚು ಹೊತ್ತು ಬರೆಯುವುದರಲ್ಲಿ ಕಳೆಯುತ್ತಾಳೆ. ಇರುವ ತಾಯಿ ಕಾರ್ಡಿನಲ್ಲಿ, ಬಿಸಿಜಿ ಮತ್ತು ಪೋಲಿಯೊ ಹನಿಯ ಸಾಲಿನ ಕೆಳಗೆ, ಒಂದು ಸಾಲು ಮುದ್ರಿಸಿ: ಥೈರಾಯ್ಡ್ ಪರೀಕ್ಷೆ, ರಕ್ತ ತೆಗೆದ ದಿನ, ಫಲಿತಾಂಶ, ತಾಯಿಗೆ ತಿಳಿಸಿದ ದಿನ. ಆ ಕೊನೆಯ ಖಾನೆ ಖಾಲಿ ಇದ್ದರೆ ಲಸಿಕೆಗೆ ಬಂದ ದಿನ ಯಾರಾದರೂ ಕೇಳುತ್ತಾರೆ. ಆರನೇ ವಾರದ ಲಸಿಕೆಯ ಹೊತ್ತಿಗೆ ಗಡುವು ಮುಗಿದಿರುತ್ತದೆ, ನಿಜ. ಆದರೂ ಏನೂ ಆಗದಿರುವುದಕ್ಕಿಂತ ಅದು ಮೇಲು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ರಕ್ತ ತೆಗೆದಾಯಿತು, ಯಂತ್ರ ಓಡಿತು, ಟಿಎಸ್‌ಎಚ್ ಹೆಚ್ಚಿದೆ. ಇನ್ನೊಮ್ಮೆ ಮಗುವಿನ ರಕ್ತ ತೆಗೆದು ಖಚಿತಪಡಿಸಿಕೊಳ್ಳಬೇಕು. ಮಗು ಎಲ್ಲಿದೆ?

ತಾಯಿ ಕಾರ್ಡಿನಲ್ಲಿರುವ ವಿಳಾಸ ಗಂಡನ ಮನೆಯದು. ಫೋನ್ ಸಂಖ್ಯೆ ಗಂಡನದು. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿರುತ್ತಾನೆ, ಇಲ್ಲವೇ ಸಂಖ್ಯೆ ಬದಲಾಗಿರುತ್ತದೆ. ಬಾಣಂತಿ ತವರಿನಲ್ಲಿರುತ್ತಾಳೆ, ಎಷ್ಟೋ ಸಲ ಬೇರೆ ತಾಲ್ಲೂಕಿನಲ್ಲಿ, ಗಡಿ ಭಾಗವಾದರೆ ಬೇರೆ ರಾಜ್ಯದಲ್ಲಿ. ನಿಯಮದ ಪ್ರಕಾರ ಆಶಾ ಕಾರ್ಯಕರ್ತೆ ಹುಟ್ಟಿದ 3, 7, 14ನೇ ದಿನಗಳಲ್ಲಿ ಮನೆಗೆ ಹೋಗಿ ಮಗುವನ್ನು ನೋಡಬೇಕು. ಈ ಮೂರು ಭೇಟಿಗಳು ನಮ್ಮ ಗಡುವಿಗೆ ಹೇಳಿ ಮಾಡಿಸಿದಂತಿವೆ. ಆದರೆ ಗಂಡನ ಊರಿನ ಆಶಾಳ ಪಟ್ಟಿಯಲ್ಲಿ ಮಗುವಿನ ಹೆಸರಿದೆ, ಮಗು ಇಲ್ಲ. ತವರೂರಿನ ಆಶಾಳ ಕಣ್ಣೆದುರು ಮಗು ಇದೆ, ಪಟ್ಟಿಯಲ್ಲಿ ಹೆಸರಿಲ್ಲ. ತಪಾಸಣೆ ನಡೆಸಿದವರೆಲ್ಲರಿಗೂ ಗೊತ್ತಿರುವ ಸತ್ಯವೆಂದರೆ, ಮಕ್ಕಳು ತಪ್ಪಿಹೋಗುವುದು ಪ್ರಯೋಗಾಲಯದಲ್ಲಿ ಅಲ್ಲ, ಈ ಎರಡು ಊರುಗಳ ನಡುವೆ.

ಇದಕ್ಕೆ ಪರಿಹಾರ ದೊಡ್ಡದೇನೂ ಅಲ್ಲ. ರಕ್ತದ ಟ್ಯೂಬಿನ ಜೊತೆ ಹೋಗುವ ಚೀಟಿಯಲ್ಲಿ ಅಜ್ಜಿಯ ಫೋನ್ ಸಂಖ್ಯೆ ಬರೆಸಿಕೊಳ್ಳಿ. ಬಾಣಂತನ ಮಾಡುವವಳು ಅವಳು, ಮಗುವನ್ನು ಎತ್ತಿಕೊಂಡು ಬಸ್ ಹತ್ತುವವಳೂ ಅವಳೇ. ಮುಂದಿನ ಒಂದು ತಿಂಗಳು ಮಗು ಯಾವ ಊರಿನಲ್ಲಿರುತ್ತದೆ ಎಂದು ಕೇಳಿ, ಆ ಊರಿನ ಉಪಕೇಂದ್ರದ ಹೆಸರು ಬರೆಯಿರಿ. ಪ್ರತಿ ಜಿಲ್ಲೆಯಲ್ಲೂ ಒಬ್ಬರು, ಕೇವಲ ಒಬ್ಬರು, ಈ ಮಕ್ಕಳನ್ನು ಫೋನಿನಲ್ಲಿ ಬೆನ್ನಟ್ಟುವ ಕೆಲಸಕ್ಕೆ ಇರಲಿ. ಬೇರೆ ಯಾವ ಕೆಲಸವನ್ನೂ, ಚುನಾವಣಾ ಕೆಲಸವನ್ನೂ, ಅವರಿಗೆ ಕೊಡಬೇಡಿ. ಟಿಎಸ್‌ಎಚ್ ಹೆಚ್ಚಿದ ಮಗು ಸಿಗದಿದ್ದರೆ ಐದನೇ ದಿನ ವಿಷಯ ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿಗೆ ತಾನಾಗಿ ಹೋಗಬೇಕು. ಒಂದು ಬಾಣಂತಿ ಸತ್ತರೆ ಅದರ ವಿಚಾರಣೆಗೆ ಸಮಿತಿ ಕೂರುತ್ತದೆ, ಸರಿಯಾದದ್ದೇ. ಟಿಎಸ್‌ಎಚ್ ಹೆಚ್ಚಿದ್ದೂ ಹದಿನಾಲ್ಕು ದಿನದೊಳಗೆ ಮಾತ್ರೆ ಸಿಗದ ಪ್ರತಿ ಮಗುವಿಗೂ ಅಂಥದೇ ವಿಚಾರಣೆ ನಡೆಯಲಿ.

ಮಾತ್ರೆಯ ಬಗ್ಗೆ ಎರಡು ಮಾತು. ಲೀವೊಥೈರಾಕ್ಸಿನ್ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ; 25 ಮೈಕ್ರೋಗ್ರಾಂ ಮಾತ್ರೆಯ ಬೆಲೆ ಒಂದೆರಡು ರೂಪಾಯಿಯ ಆಸುಪಾಸು. ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 15 ಮೈಕ್ರೋಗ್ರಾಂ ಲೆಕ್ಕದಲ್ಲಿ ವೈದ್ಯರು ಪ್ರಮಾಣ ನಿಗದಿ ಮಾಡುತ್ತಾರೆ. ಪುಡಿ ಮಾಡಿ, ತಾಯಿಯ ಹಾಲಿನ ಕೆಲವು ಹನಿಯಲ್ಲಿ ಕದಡಿ, ಚಮಚದಲ್ಲೋ ಒಳಲೆಯಲ್ಲೋ ಕುಡಿಸಿದರೆ ಆಯಿತು. ಬಾಟಲಿ ತುಂಬ ಹಾಲಿಗೆ ಬೆರೆಸಬಾರದು, ಅರ್ಧ ಉಳಿದುಹೋಗುತ್ತದೆ. ಕಬ್ಬಿಣದ, ಕ್ಯಾಲ್ಸಿಯಂನ ಹನಿಗಳ ಜೊತೆ ಕೊಡಬಾರದು. ಇಷ್ಟನ್ನು ತೋರಿಸಿಕೊಡಲು ಐದು ನಿಮಿಷ ಸಾಕು, ಆದರೆ ತೋರಿಸಿಯೇ ಕೊಡಬೇಕು. ಚೀಟಿಯಲ್ಲಿ ಬರೆದರೆ ಸಾಲದು. ಮಾತ್ರೆ ತಾಲ್ಲೂಕಿನಲ್ಲಿ ಸದಾ ದಾಸ್ತಾನು ಇರಬೇಕು. ಸ್ಕ್ಯಾನ್ ಆಗಲಿ, ಬೆಂಗಳೂರಿಗೆ ಹೋಗಿ ದೊಡ್ಡ ವೈದ್ಯರನ್ನು ಕಾಣಲಿ ಎಂದು ಮೊದಲ ಮಾತ್ರೆಯನ್ನು ತಡೆಯಬಾರದು. ಮಕ್ಕಳ ಹಾರ್ಮೋನು ತಜ್ಞರು ಎಲ್ಲ ಜಿಲ್ಲೆಗಳಲ್ಲಿಲ್ಲ; ಪ್ರಮಾಣ ಸರಿಪಡಿಸುವ ಸಲಹೆಯನ್ನು ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವಿನಿಯಲ್ಲೂ ಪಡೆಯಬಹುದು.

ನಿಲ್ಲಿಸುವ ಕಾಟ ಇನ್ನೊಂದು. ಮಗು ಚುರುಕಾಗಿದೆ, ಇಷ್ಟು ಸಣ್ಣ ಜೀವಕ್ಕೆ ದಿನಾ ಮಾತ್ರೆ ಏಕೆ ಎಂದು ನೆರೆಮನೆಯವರು ಹೇಳಿದ್ದಕ್ಕೆ ಮಾತ್ರೆ ಬಿಟ್ಟ ತಾಯಂದಿರನ್ನು ಕಂಡಿದ್ದೇನೆ. ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಡಕಾಗುತ್ತದೆಂದು ಕಾರ್ಡನ್ನೇ ಅಡಗಿಸಿಟ್ಟವರೂ ಇದ್ದಾರೆ. ಅವರನ್ನು ಗದರಿಸಿದರೆ ಮರುಸಲ ಬರುವುದಿಲ್ಲ. ಮೂರು ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ಆಶಾ ಮನೆ ಬಾಗಿಲಿಗೆ ಹೋಗಿ ಮಾತ್ರೆಯ ಡಬ್ಬಿ ನೋಡಿಬಂದರೆ ಸಾಕು, ಅದಕ್ಕೆ ಅವಳಿಗೆ ಪ್ರೋತ್ಸಾಹಧನ ಕೊಡಿ, ತಡಮಾಡದೆ ಕೊಡಿ.

ನಮ್ಮ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಮೆದುಳು ಆರೋಗ್ಯ ಕಾರ್ಯಕ್ರಮ ನಡೆಸುತ್ತಿರುವುದು ಹೆಮ್ಮೆಯ ವಿಷಯ. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆಗುಳಿತನ, ಇವೆಲ್ಲಕ್ಕೂ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಬೇಕೆಂಬ ಆ ಯೋಚನೆಗೆ ನಾನು ಕೈಮುಗಿಯುತ್ತೇನೆ. ಅದರ ಪಟ್ಟಿಯಲ್ಲಿ ಹೊಕ್ಕುಳಬಳ್ಳಿಯ ಟ್ಯೂಬಿಗೂ ಒಂದು ಸ್ಥಾನ ಕೊಡಿ. ಕಚೇರಿಗಳ ಲೆಕ್ಕದಲ್ಲಿ ಥೈರಾಯ್ಡ್ ಹಾರ್ಮೋನಿನ ಕಾಯಿಲೆ, ಬುದ್ಧಿಮಾಂದ್ಯ ಮೆದುಳಿನ ಕಾಯಿಲೆ, ಅಂಗವಿಕಲರ ಮಾಸಾಶನ ಇನ್ನೊಂದು ಇಲಾಖೆಯ ಕಡತ. ತಾಯಿಯ ಮಡಿಲಲ್ಲಿರುವುದು ಮಾತ್ರ ಒಂದೇ ಮಗು.

ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಉತ್ತರ ಬರಬಹುದು. 'ಕೋರಿಕೆಯನ್ನು ಪರಿಶೀಲಿಸಲಾಗುವುದು' ಎಂಬ ಸಾಲನ್ನು ದಯವಿಟ್ಟು ಕಳಿಸಬೇಡಿ, ಆ ಸಾಲನ್ನು ಬೇರೆ ಬೇರೆ ಮೇಲಧಿಕಾರಿಗಳ ಪರವಾಗಿ ನಾನೇ ಎಷ್ಟೋ ಸಲ ಬರೆದುಕೊಟ್ಟಿದ್ದೇನೆ. ಅದರ ಬದಲು ಕಳೆದ ವರ್ಷದ ಲೆಕ್ಕವನ್ನು ಜಿಲ್ಲಾವಾರು ಪ್ರಕಟಿಸಿ. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳೆಷ್ಟು, ಅವರಲ್ಲಿ ಥೈರಾಯ್ಡ್ ಪರೀಕ್ಷೆ ಆದವರೆಷ್ಟು, ಕೊರತೆ ಖಚಿತವಾದವರೆಷ್ಟು, ಆ ಒಂದೊಂದು ಮಗುವಿಗೂ ಮೊದಲ ಮಾತ್ರೆ ಸಿಕ್ಕಿದ್ದು ಹುಟ್ಟಿದ ಎಷ್ಟನೆಯ ದಿನ. ಲೆಕ್ಕ ಸಿಗದ ಜಿಲ್ಲೆಯ ಎದುರು ಖಾಲಿ ಬಿಡಿ, ಸೊನ್ನೆ ಬರೆಯಬೇಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಶುಶ್ರೂಷಾಧಿಕಾರಿ,
ಹೆರಿಗೆ ವಾರ್ಡು